ಆಫ್ರಿಕನ್ ವೈಲೆಟ್ ಸೊರಗಿದೆಯಾ? ಚೊಂಬು ಕೆಳಗಿಟ್ಟು ಎಲೆ ನೋಡಿ

ಬೆಂಗಳೂರಿನ ಮನೆಗಳಲ್ಲಿ ಆಫ್ರಿಕನ್ ವೈಲೆಟ್ ಎಂಬ ಪುಟ್ಟ ಹೂಗಿಡ ಹೆಚ್ಚಾಗಿ ಸಾಯುವುದು ನೀರು ಜಾಸ್ತಿಯಾಗಿ. ಆದರೆ ಬೇರು ಕೊಳೆತ ಗಿಡವೂ ನೀರಿಲ್ಲದ ಗಿಡವೂ ಮೇಲಿನಿಂದ ನೋಡಿದರೆ ಒಂದೇ ಥರ ಕಾಣುತ್ತವೆ. ಎಲೆ ಜೋತು ಬಿದ್ದಿರುತ್ತದೆ. ಅದನ್ನು ನೋಡಿದ ಕೂಡಲೇ ಮನೆಯವರ್ಯಾರೋ ಚೊಂಬು ತಂದು ಇನ್ನಷ್ಟು ಸುರಿಯುತ್ತಾರೆ. ಅಲ್ಲಿಗೆ ಕಥೆ ಮುಗಿಯಿತು.

ಈ ಗಿಡದ ಮೂಲ ತಿಳಿದರೆ ಅರ್ಧ ದೋಷಗಳು ತಾವಾಗಿಯೇ ಅರ್ಥವಾಗುತ್ತವೆ. ಇದು ಟಾಂಜಾನಿಯಾದ ಉಸಂಬರಾ ಬೆಟ್ಟಗಳ ಕಡೆಯದು, ಪಕ್ಕದ ಕೀನ್ಯಾದಲ್ಲೂ ಸ್ವಲ್ಪ ಇದೆ. 1892ರಲ್ಲಿ ಸೇಂಟ್ ಪಾಲ್ ಎಂಬ ಜರ್ಮನ್ ಅಧಿಕಾರಿ ಇದನ್ನು ಕಂಡು ಊರಿಗೆ ಕಳಿಸಿದ. ಮರುವರ್ಷ ಹರ್ಮನ್ ವೆಂಡ್‌ಲ್ಯಾಂಡ್ ಎಂಬ ಸಸ್ಯವಿಜ್ಞಾನಿ ಅವನ ನೆನಪಿಗೆ ಸೇಂಟ್‌ಪಾಲಿಯಾ ಅಂತ ಹೆಸರಿಟ್ಟ. ಈಗ ಇದನ್ನು ಸ್ಟ್ರೆಪ್ಟೊಕಾರ್ಪಸ್ ಗುಂಪಿಗೆ ಸೇರಿಸಿದ್ದಾರೆ. ನಮಗೆ ಮುಖ್ಯವಾದದ್ದು ಇದು: ಕಾಡಿನಲ್ಲಿ ಈ ಗಿಡ ಮರದ ನೆರಳಿನಲ್ಲಿ, ಪಾಚಿ ಹಿಡಿದ ಬಂಡೆಯ ಸಂದಿಯಲ್ಲಿ ಬೆಳೆಯುತ್ತದೆ. ಅಲ್ಲಿ ಇರುವುದು ಬೊಗಸೆಯಷ್ಟು ಕೊಳೆತ ಎಲೆಯ ಪುಡಿ. ಮಳೆ ಬಂದರೆ ನೀರು ಹರಿದು ಹೋಗುತ್ತದೆ, ನಿಲ್ಲುವುದಿಲ್ಲ. ಬೇರು ಕೂದಲಿನಷ್ಟು ತೆಳ್ಳಗೆ, ಅದಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಅಂಥ ಗಿಡವನ್ನು ತಂದು ಕೆಮ್ಮಣ್ಣು ತುಂಬಿದ ದೊಡ್ಡ ಕುಂಡದಲ್ಲಿ ಕೂರಿಸಿದರೆ ಉಸಿರು ಕಟ್ಟದೆ ಇನ್ನೇನಾಗುತ್ತದೆ?

ಹವೆಯ ವಿಷಯದಲ್ಲಿ ನಾವು ಪುಣ್ಯವಂತರು. 18ರಿಂದ 26 ಡಿಗ್ರಿ ಇದಕ್ಕೆ ಇಷ್ಟ. ಮಾರ್ಚ್ ಕೊನೆಯಿಂದ ಮೇ ಮಧ್ಯದವರೆಗೆ ಬಿಟ್ಟರೆ ಬೆಂಗಳೂರಿನ ಮನೆಯೊಳಗೆ ಇಷ್ಟು ಸಿಗುತ್ತದೆ.

ಮೊದಲು ಕುಂಡ ಎತ್ತಿ, ಆಮೇಲೆ ಎಲೆ

ಕುಂಡವನ್ನು ಕೈಯಲ್ಲಿ ಎತ್ತಿ ನೋಡಿ. ಹಗುರ ಇದೆಯಾ, ಭಾರ ಇದೆಯಾ? ನೀರು ಹಾಕಿದ ದಿನವೂ ಒಣಗಿದ ದಿನವೂ ಎತ್ತಿ ನೋಡಿದರೆ ಕೈಗೆ ಲೆಕ್ಕ ಬೇಗ ಸಿಗುತ್ತದೆ. ತೇವ ತೋರಿಸುವ ಮೀಟರಿಗಿಂತ ಇದೇ ನಂಬಿಕಸ್ತ.

ಆಮೇಲೆ ತೊಂದರೆ ಎಲೆಯ ಯಾವ ಸುತ್ತಿನಲ್ಲಿದೆ ಅಂತ ನೋಡಿ. ಕೆಳಗಿನ ಸುತ್ತಿನ ಒಂದೆರಡು ಎಲೆ ಮಾತ್ರ ಹಳದಿಯಾಗಿದ್ದರೆ ಅದು ವಯಸ್ಸು, ತೊಟ್ಟು ಹಿಡಿದು ಪಕ್ಕಕ್ಕೆ ಬಗ್ಗಿಸಿ ಮುರಿದು ಹಾಕಿ. ಎಲ್ಲಾ ಎಲೆಯೂ ಒಟ್ಟಿಗೆ ಜೋತಿದ್ದರೆ ಒಂದೋ ನೀರಿಲ್ಲ, ಇಲ್ಲವೇ ದೋಷ ಬೇರಿನಲ್ಲಿದೆ. ನಡುವಿನ ಸುಳಿ ಮಾತ್ರ ಗಂಟಿಕ್ಕಿಕೊಂಡಿದ್ದರೆ ಗೊಬ್ಬರ ಅಥವಾ ನುಸಿ. ಎಲೆ ಗಟ್ಟಿಯಾಗಿಯೇ ಇದ್ದು ಮೇಲೆ ಕಲೆ ಮಾತ್ರ ಇದ್ದರೆ ನೀರು ಅಥವಾ ಬಿಸಿಲು. ಎಲೆ ಚೆನ್ನಾಗಿದ್ದು ಹೂವಿನದ್ದೇ ತಕರಾರಾದರೆ ಬೆಳಕು, ಸೆಕೆ, ಇಲ್ಲವೇ ಪಕ್ಕದ ಹಣ್ಣಿನ ಬುಟ್ಟಿ.

ಔಷಧಿ ಹುಡುಕುವ ಮೊದಲು ಇನ್ನೊಂದು ಕೆಲಸ. ಗಿಡದ ಒಂದೆರಡು ಒಳ್ಳೆಯ ಎಲೆ ಕಿತ್ತು ಬೇರೆ ಕಡೆ ನೆಟ್ಟುಬಿಡಿ. ಚಿಕಿತ್ಸೆ ಕೈಕೊಟ್ಟರೂ ಗಿಡದ ತಳಿ ಉಳಿಯುತ್ತದೆ. ನೆಡುವ ರೀತಿ ಕೆಳಗಿದೆ. ಸುಳಿಯಲ್ಲಿ ನುಸಿಯ ಅನುಮಾನ ಇದ್ದರೆ ಮಾತ್ರ ಬೇಡ, ಎಲೆಯ ಜೊತೆ ಅದೂ ಬರುತ್ತದೆ.

ಎಲ್ಲಾ ಎಲೆ ಜೋತು ಬಿದ್ದಿದೆ

ಕುಂಡ ಹಗುರ ಇದ್ದರೆ ಸಲೀಸು. ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಕುಂಡವನ್ನು ಅದರಲ್ಲಿ ಅರ್ಧ ಗಂಟೆ ಇಡಿ. ಮೇಲಿನ ಮಣ್ಣು ತೇವವಾದ ಕೂಡಲೇ ತೆಗೆದು ನೀರು ಬಸಿಯಲು ಬಿಡಿ. ಸಂಜೆಯೊಳಗೆ ಎಲೆ ಎದ್ದು ಕೂರುತ್ತದೆ. ಕುಂಡದೊಳಗಿನ ಮಣ್ಣಿನ ಮಿಶ್ರಣ ಪೂರ್ತಿ ಒಣಗಿ ಗೋಡೆಯಿಂದ ಬಿಟ್ಟುಕೊಂಡಿದ್ದರೆ ಮೇಲಿಂದ ಸುರಿದ ನೀರು ಸುಮ್ನೆ ಅಂಚಿನಲ್ಲಿ ಇಳಿದು ಹೋಗುತ್ತದೆ. ಅದಕ್ಕೇ ಕೆಳಗಿನಿಂದ ಕುಡಿಸುವುದು.

ಕುಂಡ ಭಾರ ಇದ್ದು ಎಲೆ ಜೋತಿದ್ದರೆ ನೀರು ಬೇಡವೇ ಬೇಡ. ಗಿಡವನ್ನು ಕುಂಡದಿಂದ ಹೊರಗೆ ತೆಗೆಯಿರಿ. ಬೇರು ಬಿಳಿಯಾಗಿ ಗಟ್ಟಿಯಾಗಿದ್ದರೆ ಇನ್ನೂ ಕಾಲ ಮಿಂಚಿಲ್ಲ. ಬೇರಿನ ಗಡ್ಡೆಯನ್ನು ಹಳೇ ಪೇಪರಿನ ಮೇಲೆ ಇಟ್ಟು ನೀರು ಹೀರಿಸಿ, ಹೊಸ ಮಿಶ್ರಣಕ್ಕೆ ಹಾಕಿ (ಅದರ ಲೆಕ್ಕ ಕೆಳಗಿದೆ). ಬೇರು ಕಂದಾಗಿ, ಎಳೆದರೆ ಸಿಪ್ಪೆ ಜಾರಿ ದಾರದಂತೆ ಕೈಗೆ ಬಂದರೆ ಅದು ಕೊಳೆತ. ಪಿಥಿಯಂ, ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಗಳ ಕೆಲಸ ಇದು. ನೀರು ನಿಂತ ಕಡೆ ಇವು ಬೇಗ ಹಬ್ಬುತ್ತವೆ.

ಹಾಗಾಗಿದ್ದರೆ ಕೊಳೆತ ಬೇರನ್ನೆಲ್ಲ ಕತ್ತರಿಸಿ. ಕಾಂಡವನ್ನು ಅಡ್ಡ ಕೊಯ್ದು ನೋಡಿ. ಒಳಗೆ ಕಂದು ಕಂಡರೆ ಇನ್ನೂ ಸ್ವಲ್ಪ ಮೇಲೆ ಕೊಯ್ಯಿರಿ, ತಿಳಿ ಹಸಿರು ಬರುವವರೆಗೂ. ಪ್ರತಿ ಸಲ ಚಾಕು ಒರೆಸಿಕೊಳ್ಳಿ. ಹೊರಗಿನ ಎಲೆ ತೆಗೆದು ಒಳಗಿನ ಐದಾರು ಎಲೆ ಮಾತ್ರ ಉಳಿಸಿ. ಕೊಯ್ದ ಜಾಗ ಒಂದೆರಡು ಗಂಟೆ ಆರಿದ ಮೇಲೆ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ತೇವವಿರುವ ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಮತ್ತು ತೆಂಗಿನ ನಾರಿನ ಪುಡಿಯಾದ ಕೋಕೋಪೀಟ್‌ನಲ್ಲಿ ನಿಲ್ಲಿಸಿ. ಮೇಲೆ ಪಾರದರ್ಶಕ ಡಬ್ಬಿ ಮುಚ್ಚಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿಡಿ. ಬಿಸಿಲಿಗಿಟ್ಟರೆ ಡಬ್ಬಿಯೊಳಗೆ ಗಿಡ ಬೆಂದೇ ಹೋಗುತ್ತದೆ. ಒಂದು ತಿಂಗಳ ಆಸುಪಾಸಿನಲ್ಲಿ ಹೊಸ ಬೇರು ಬರುತ್ತದೆ. ಸುಳಿಯೇ ಮೆತ್ತಗಾಗಿ ಕೈಗೆ ಕಿತ್ತು ಬಂದಿದ್ದರೆ ಈ ಕಷ್ಟವೆಲ್ಲ ಬೇಡ. ಗಟ್ಟಿ ಎಲೆ ಇದ್ದರೆ ಆರಿಸಿಕೊಂಡು ಉಳಿದದ್ದನ್ನು ಎಸೆಯಿರಿ.

ಕೊಳೆತಕ್ಕೆ ಕಾರಣ ಹುಡುಕದಿದ್ದರೆ ಮುಂದಿನ ಗಿಡವೂ ಹೋಗುತ್ತದೆ. ನಾನು ಮೊದಲು ಅನುಮಾನ ಪಡುವುದು ಕುಂಡದ ಗಾತ್ರವನ್ನು. ಎಲೆಗಳು ಹರಡಿದ ಅಗಲದ ಮೂರರಲ್ಲಿ ಒಂದು ಪಾಲು ಅಗಲದ ಕುಂಡ ಸಾಕು. ಒಂಬತ್ತು ಇಂಚು ಹರಡಿದ ಗಿಡಕ್ಕೆ ಮೂರಿಂಚಿನ ಕುಂಡ. ನೋಡೋಕೆ ಜಿಪುಣತನ ಅನ್ನಿಸುತ್ತದೆ, ಆದರೆ ದೊಡ್ಡ ಕುಂಡದಲ್ಲಿ ಬೇರು ಮುಟ್ಟದ ಮಣ್ಣು ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ.

ಎರಡನೆಯ ಅನುಮಾನ ತಿಂಗಳಿನ ಮೇಲೆ. ಲಾಲ್‌ಬಾಗ್‌ನಲ್ಲಿ ಆಗಸ್ಟ್ 15ರ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಎಷ್ಟೋ ಜನ ಗಿಡ ಕೊಳ್ಳುತ್ತಾರೆ. ಅದು ಜಡಿಮಳೆಯ ಕಾಲ. ಗಾಳಿಯಲ್ಲೇ ತೇವ ತುಂಬಿರುವಾಗ ಬೇಸಿಗೆಯ ಲೆಕ್ಕದಲ್ಲಿ ನೀರು ಹಾಕಿದರೆ ಕುಂಡ ಒಣಗುವುದೇ ಇಲ್ಲ. ವಾರಕ್ಕೆರಡು ಸಲ ಅಂತ ಕ್ಯಾಲೆಂಡರ್ ನೋಡಿ ನೀರು ಹಾಕುವುದನ್ನು ಬಿಡಿ. ಮೇಲಿನ ಅರ್ಧ ಇಂಚು ಬೆರಳಿಗೆ ಒಣಗಿದೆ ಅನ್ನಿಸಿದಾಗ ಹಾಕಿ. ಕುಂಡದ ತಳದಿಂದ ನೀರಿನ ಡಬ್ಬಿಗೆ ದಾರದ ಬತ್ತಿ ಇಳಿಸಿ ನೀರು ಕುಡಿಸುವವರು ಮಳೆಗಾಲದಲ್ಲಿ ಬತ್ತಿ ತೆಗೆದುಬಿಡುವುದು ಒಳ್ಳೆಯದು. ಬತ್ತಿಗೆ ಹತ್ತಿಯ ದಾರ ಬೇಡ, ಕೊಳೆಯುತ್ತದೆ. ನೈಲಾನ್ ಅಥವಾ ಅಕ್ರಿಲಿಕ್ ಉಲ್ಲನ್ ಸರಿ.

ಮೂರನೆಯದು ಕಣ್ಣಿಗೆ ಬೀಳುವುದಿಲ್ಲ. ಕೆಲವು ಗಿಡಗಳ ಬೇರಿನ ಸುತ್ತ ನರ್ಸರಿಯವರು ಬಲೆಯಂಥ ತೆಳು ಬಟ್ಟೆ ಸುತ್ತಿರುತ್ತಾರೆ. ಅದರೊಳಗಿನ ಪೀಟ್ (ಜೌಗು ನೆಲದ ಕೊಳೆತ ಪಾಚಿಯ ಪುಡಿ) ಸ್ಪಂಜಿನ ಹಾಗೆ ನೀರು ಹಿಡಿದುಕೊಂಡು ಕೂರುತ್ತದೆ. ಮೊದಲ ಸಲ ಕುಂಡ ಬದಲಿಸುವಾಗ ನಾಜೂಕಾಗಿ ಕತ್ತರಿಸಿ ತೆಗೆಯಿರಿ.

ಮಿಶ್ರಣ, ಮತ್ತು ಬೀದಿಯ ಒಣಗೆಲೆ

ನನ್ನ ಲೆಕ್ಕ: ಎರಡು ಪಾಲು ಕೋಕೋಪೀಟ್, ಎರಡು ಪಾಲು ಪರ್ಲೈಟ್, ಒಂದು ಪಾಲು ಜರಡಿ ಹಿಡಿದ ಎಲೆಗೊಬ್ಬರ. ಕೆಮ್ಮಣ್ಣು ಚಮಚದಷ್ಟೂ ಬೇಡ. ಇಟ್ಟಿಗೆಯಂಥ ಕೋಕೋಪೀಟ್‌ನಲ್ಲಿ ಉಪ್ಪಿನ ಅಂಶ ಇರುತ್ತದೆ, ಎರಡು ಮೂರು ನೀರಿನಲ್ಲಿ ನೆನೆಸಿ ಹಿಂಡಿ ಬಳಸಿ.

ಎಲೆಗೊಬ್ಬರಕ್ಕೆ ದುಡ್ಡು ಕೊಡುವ ಅಗತ್ಯವಿಲ್ಲ. ಫೆಬ್ರವರಿ ಮಾರ್ಚ್ ಬಂತೆಂದರೆ ನಮ್ಮ ಬೀದಿಗಳಲ್ಲಿ ಹೊಂಗೆ, ಮಳೆಮರದ ಎಲೆ ರಾಶಿ ಬೀಳುತ್ತದೆ. ಗುಡಿಸಿ ಬೆಂಕಿ ಹಚ್ಚುವ ಬದಲು ಒಂದು ತೂತಿನ ಚೀಲದಲ್ಲಿ ತುಂಬಿ, ಆಗಾಗ ನೀರು ಚಿಮುಕಿಸಿ. ಮಳೆಮರದ ಪುಟ್ಟ ಎಲೆ ಬೇಗ ಪುಡಿಯಾಗುತ್ತದೆ, ಹೊಂಗೆ ಸ್ವಲ್ಪ ತಡ. ನೀಲಗಿರಿ ಎಲೆ ಸೇರಿಸಬೇಡಿ. ಕಪ್ಪಗೆ, ಮಣ್ಣಿನ ವಾಸನೆ ಬಂದ ಮೇಲೆ ಜರಡಿ ಹಿಡಿದು, ಹಳೇ ಪಾತ್ರೆಯಲ್ಲಿ ಅರ್ಧ ಗಂಟೆ ಹಬೆಯಲ್ಲಿ ಬೇಯಿಸಿ ಆರಿಸಿ. ನೊಣದ ಮರಿ, ಹಿಟ್ಟು ತಿಗಣೆಯ ಮೊಟ್ಟೆ ಸಾಯುತ್ತವೆ. ಬಂಡೆ ಸಂದಿಯಲ್ಲಿ ಈ ಗಿಡ ತಿನ್ನುತ್ತಿದ್ದದ್ದೂ ಇಂಥದ್ದನ್ನೇ ಅಲ್ವಾ? ಅಡುಗೆಮನೆಯಲ್ಲಿ ಹಬೆ ಹಾಕಿದರೆ ಮನೆಯವರ ಬೈಗುಳ ಗ್ಯಾರಂಟಿ, ಹೊರಗಿನ ಒಲೆ ಮೇಲಾದರೆ ನೆಮ್ಮದಿ.

ಎಲೆ ಮೇಲೆ ಕಲೆ

ಬಿಳಿ ಅಥವಾ ಹಳದಿ ಬಳೆ, ಕಮಾನು, ನೀರು ಹರಿದ ದಾರಿಯಂಥ ಗೆರೆ: ಇದು ತಣ್ಣೀರಿನ ಗಾಯ. ಬೆಚ್ಚಗಿರುವ ಎಲೆಗೆ ತಣ್ಣೀರು ಬಿದ್ದರೆ ಮೇಲ್ಪದರದ ಕೆಳಗಿನ ಹಸಿರು ಜೀವಕೋಶಗಳು ಅಲ್ಲೇ ಕುಸಿಯುತ್ತವೆ. ಡಿಸೆಂಬರ್ ಬೆಳಗ್ಗೆ ಮಹಡಿ ಟ್ಯಾಂಕಿನ ನೀರು ನೇರವಾಗಿ ಹಾಕುವವರಿಗೆ ಇದು ಖಾಯಂ. ಆದ ಕಲೆ ಮಾಯುವುದಿಲ್ಲ, ರೋಗವೂ ಅಲ್ಲ, ಹಬ್ಬುವುದೂ ಇಲ್ಲ. ರಾತ್ರಿಯೇ ನೀರು ಹಿಡಿದು ಮನೆಯೊಳಗಿಟ್ಟರೆ ಆಯಿತು. ಕಾವೇರಿ ನೀರಿನ ಕ್ಲೋರಿನ್ ವಾಸನೆಯೂ ಅಷ್ಟರಲ್ಲಿ ಕಡಿಮೆಯಾಗುತ್ತದೆ.

ಕಿಟಕಿ ಕಡೆ ಮುಖ ಮಾಡಿದ ಎಲೆಗಳಲ್ಲಿ ಮಾತ್ರ ಒಣಗಿದ ಕಂದು ತೇಪೆ ಇದ್ದರೆ ಅದು ಬಿಸಿಲು. ಬೂದಿ ಉದುರಿಸಿದಂತಿದ್ದು ಬೆರಳಿಗೆ ಹತ್ತಿದರೆ ಬೂದಿ ರೋಗ. ಗಿಡಗಳ ನಡುವೆ ಜಾಗ ಬಿಡಿ, ಗಾಳಿ ಆಡಲಿ, ಹಿಡಿದ ಎಲೆ ಹೂ ಕಿತ್ತುಹಾಕಿ.

ತೊಟ್ಟು ಕುಂಡದ ಅಂಚಿಗೆ ತಾಗುವ ಕಡೆ ಕಂದಾಗಿ ಮಡಚಿಕೊಂಡಿದ್ದರೆ ಅಂಚನ್ನು ಉಜ್ಜಿ ನೋಡಿ. ಬಿಳಿ ಅಥವಾ ಕಂದು ಉಪ್ಪು ಕಟ್ಟಿರುತ್ತದೆ. ಬೆಂಗಳೂರಿನಲ್ಲಿ ಈ ದೋಷಕ್ಕೆ ನೀರಿನ ಮೂಲವೇ ಕಾರಣ. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಗಡಸು. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ನೀರು ಇನ್ನೂ ಕೆಟ್ಟದ್ದು, ಗಡಸುತನ ಹೋಗಿ ಆ ಜಾಗಕ್ಕೆ ಸೋಡಿಯಂ ಬಂದಿರುತ್ತದೆ. ಆರ್‌ಓ ಯಂತ್ರ ಹೊರಹಾಕುವ ನೀರನ್ನು ಗಿಡಕ್ಕೆ ಹಾಕುವುದು ಮಿತವ್ಯಯದ ಒಳ್ಳೆಯ ಅಭ್ಯಾಸ ನಿಜ, ಆದರೆ ಈ ಗಿಡಕ್ಕೆ ಬೇಡ. ಉಪ್ಪೆಲ್ಲ ಸೇರಿಕೊಂಡಿರುವುದೇ ಅದರಲ್ಲಿ. ಕುಡಿಯುವ ಆರ್‌ಓ ನೀರು, ಕಾವೇರಿ ನೀರು, ಹಿಡಿದಿಟ್ಟ ಮಳೆನೀರು ಯಾವುದಾದರೂ ಆಗಬಹುದು. ಆಗಲೇ ಉಪ್ಪು ಕಟ್ಟಿದ್ದರೆ ಎರಡು ತಿಂಗಳಿಗೊಮ್ಮೆ ಮೇಲಿಂದ ಧಾರಾಳ ಉಗುರುಬೆಚ್ಚನೆಯ ನೀರು ಹಾಯಿಸಿ, ತಳದಿಂದ ಪೂರ್ತಿ ಹರಿದು ಹೋಗಲು ಬಿಡಿ. ಸುಳಿಯಲ್ಲಿ ನಿಂತ ಹನಿಯನ್ನು ಟಿಶ್ಯೂ ಪೇಪರಿನ ತುದಿಯಿಂದ ತೆಗೆಯಿರಿ.

ಎಲೆ ಸೊಂಪಾಗಿದೆ, ಹೂವೇ ಇಲ್ಲ

ಹತ್ತರಲ್ಲಿ ಎಂಟು ಸಲ ಬೆಳಕಿನ ಕೊರತೆ ಅಂತಲೇ ಅಂದುಕೊಳ್ಳಿ. ತೊಟ್ಟು ಉದ್ದವಾಗಿ, ಎಲೆ ಮೇಲಕ್ಕೆ ಕೈಚಾಚಿದಂತಿದ್ದರೆ ಅನುಮಾನವೇ ಬೇಡ. ಎಲೆ ಬಿಳಿಚಿಕೊಂಡು, ಕುಂಡವನ್ನು ಅಪ್ಪುವಂತೆ ಕೆಳಕ್ಕೆ ಬಾಗಿದ್ದರೆ ಬೆಳಕು ಜಾಸ್ತಿ.

ದಕ್ಷಿಣದ ಕಿಟಕಿ ಶ್ರೇಷ್ಠ ಅಂತ ಹೊರದೇಶದವರು ಹೇಳುತ್ತಾರೆ. ಅದು ಅವರ ಊರಿನ ಸೂರ್ಯನಿಗೆ ಸರಿ. ನಾವಿರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಇಲ್ಲಿ ಶೂನ್ಯ ನೆರಳಿನ ದಿನ, ಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ. ಆ ಎರಡು ದಿನಗಳ ನಡುವೆ ಸೂರ್ಯ ನಮ್ಮ ಉತ್ತರಕ್ಕೆ ಹೋಗಿರುತ್ತಾನೆ. ಹಾಗಾಗಿ ಜೂನ್‌ನಲ್ಲಿ ಮೋಡ ಸರಿದರೆ ಬೆಳಗ್ಗೆ ಸಂಜೆಯ ಓರೆ ಬಿಸಿಲು ಉತ್ತರದ ಕಿಟಕಿಗೂ ಬೀಳುತ್ತದೆ. ದಕ್ಷಿಣದ ಕಿಟಕಿಯೊಳಗೆ ಬಿಸಿಲು ನುಗ್ಗುವುದು ಡಿಸೆಂಬರ್, ಜನವರಿಯಲ್ಲಿ. ವರ್ಷವಿಡೀ ಯೋಚನೆ ಬೇಡ ಅಂದರೆ ಪೂರ್ವದ ಕಿಟಕಿ, ತೆಳು ಪರದೆ. ಪಶ್ಚಿಮದ ಕಿಟಕಿಯನ್ನು ಬೇಸಿಗೆಯಲ್ಲಿ ಮರೆತುಬಿಡಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಮುಟ್ಟಿತ್ತು. ಅಂಥ ದಿನ ಗಾಜಿನ ಪಕ್ಕ ಇಟ್ಟ ಗಿಡದ ಗತಿ ಏನು ಹೇಳಿ?

ಪಕ್ಕದ ಕಟ್ಟಡ ಬೆಳಕನ್ನೆಲ್ಲ ನುಂಗಿದ್ದರೆ ಸಾಮಾನ್ಯ ಬಿಳಿ ಎಲ್‌ಇಡಿ ಟ್ಯೂಬ್ ಸಾಕು. ಎಲೆಯಿಂದ ಒಂದಡಿ ಮೇಲೆ ಕಟ್ಟಿ, ದಿನಕ್ಕೆ 12 ಗಂಟೆ ಉರಿಸಿ. ರಾತ್ರಿ ಆರಿಸಲೇಬೇಕು. ಮೊಗ್ಗು ಕಟ್ಟಲು ಕತ್ತಲೂ ಬೇಕು.

ಬೆಳಕು ಸರಿಯಿದ್ದೂ ಹೂವಿಲ್ಲದಿದ್ದರೆ ಪಕ್ಕದ ಮರಿಗಳನ್ನು ಹುಡುಕಿ. ಒಂದೇ ಸುಳಿ ಇರಬೇಕಾದ ಕಡೆ ಎರಡು ಮೂರು ಸುಳಿ ಬಂದಿರುತ್ತವೆ. ಪೆನ್ಸಿಲ್ ಮೊನೆಯಿಂದ ಎಬ್ಬಿಸಿ ತೆಗೆಯಿರಿ. ಮೊಗ್ಗು ಬಂದು ಅರಳದೆ ಉದುರಿದರೆ ಸೆಕೆ ಕಾರಣವಿರಬಹುದು. ಇಲ್ಲವೇ ಮಾವಿನ ಕಾಲದಲ್ಲಿ ಗಿಡದ ಪಕ್ಕವೇ ಹಣ್ಣು ಮಾಗಲು ಇಟ್ಟಿರುತ್ತೀರಿ. ಮಾಗುವ ಹಣ್ಣು ಎಥಿಲೀನ್ ಅನಿಲ ಬಿಡುತ್ತದೆ, ಅದು ಹೂವನ್ನು ಉದುರಿಸುತ್ತದೆ. ಬಾಳೆಗೊನೆಯೂ ಅದೇ ಕೆಲಸ ಮಾಡುತ್ತದೆ.

ಸುಳಿ ಗಂಟಿಕ್ಕಿದೆ

ಇಲ್ಲಿ ಅವಸರ ಬೇಡ, ಎರಡು ದೋಷಗಳು ಅಣ್ಣ ತಮ್ಮಂದಿರಂತೆ ಕಾಣುತ್ತವೆ. ಸುಳಿಯ ರೋಮದ ಮೇಲೆ ಕೇಸರಿ ಅಥವಾ ತುಕ್ಕು ಬಣ್ಣದ ಹರಳು ಕಂಡರೆ ಗೊಬ್ಬರ ಜಾಸ್ತಿ. ಹಿಂದೆ ಹೇಳಿದಂತೆ ನೀರು ಹಾಯಿಸಿ, ಒಂದು ತಿಂಗಳು ಗೊಬ್ಬರ ನಿಲ್ಲಿಸಿ. ಹೊಸ ಎಲೆ ಸರಿಯಾಗಿ ಬಂದರೆ ಖಾತ್ರಿಯಾಯಿತು. ಮುಂದೆ ಸಾರಜನಕ, ರಂಜಕ, ಪೊಟ್ಯಾಶ್ ಸಮವಾಗಿರುವ 19:19:19 ಗೊಬ್ಬರದ ಪುಡಿಯಾದರೆ ನಾಲ್ಕು ಲೀಟರಿಗೆ ಕಾಲು ಟೀ ಚಮಚಕ್ಕಿಂತ ಮೇಲೆ ಹೋಗಬೇಡಿ. ಯೂರಿಯಾ ಬೇಡ.

ಹರಳು ಇಲ್ಲದೆ, ಸುಳಿ ಬೂದು ಬಣ್ಣಕ್ಕೆ ತಿರುಗಿ, ರೋಮ ದಟ್ಟವಾಗಿ, ಮುಟ್ಟಿದರೆ ಪಟಕ್ಕನೆ ಮುರಿಯುವಂತಿದ್ದರೆ ಸೈಕ್ಲಮೆನ್ ನುಸಿ. ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಅದು ಜೇಡದ ಜಾತಿ, ಕೀಟವಲ್ಲ, ಮನೆಯಲ್ಲಿರುವ ಸಾಮಾನ್ಯ ಕೀಟನಾಶಕಕ್ಕೆ ಜಗ್ಗುವುದಿಲ್ಲ. ಒಂದೇ ಗಿಡವಾದರೆ ಚೀಲದಲ್ಲಿ ಕಟ್ಟಿ ಎಸೆಯಿರಿ. ಕೈ ತೊಳೆಯದೆ ಪಕ್ಕದ ಗಿಡ ಮುಟ್ಟಬೇಡಿ.

ಉಳಿದ ಹುಳುಗಳು

ತೊಟ್ಟಿನ ಬುಡದಲ್ಲಿ ಹತ್ತಿಯಂಥ ಬಿಳಿ ಚುಕ್ಕೆ ಇದ್ದರೆ ಹಿಟ್ಟು ತಿಗಣೆ. ಔಷಧಿ ಅಂಗಡಿಯ 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒಂದೊಂದನ್ನೇ ಮುಟ್ಟಿ. ಬಾಲ್ಕನಿಯ ದಾಸವಾಳದಲ್ಲಿ ಇದ್ದೇ ಇರುತ್ತದೆ, ಇರುವೆಗಳು ಹೊತ್ತು ತರುತ್ತವೆ. ಬೇರಿನಲ್ಲೂ ಬಿಳಿ ಪುಡಿಯಂತೆ ಅಂಟಿಕೊಂಡಿದ್ದರೆ ಗಿಡ ಎಸೆದು ಎಲೆ ಉಳಿಸಿಕೊಳ್ಳಿ.

ನೇರಳೆ ಪಕಳೆಯ ಮೇಲೆ ಹಳದಿ ಪರಾಗ ಚೆಲ್ಲಿದ್ದರೆ ಥ್ರಿಪ್ಸ್ ಎಂಬ ಸಣ್ಣ ಕೀಟ. ದೇವರಿಗೆಂದು ತಂದ ಗುಲಾಬಿ, ಸೇವಂತಿಗೆಯ ಜೊತೆ ಮನೆಗೆ ಬರಬಹುದು. ಎರಡು ತಿಂಗಳು ಹೂ ಮೊಗ್ಗನ್ನೆಲ್ಲ ಕೀಳುತ್ತಾ ಹೋಗಿ, ಅವುಗಳ ಊಟವೇ ನಿಂತುಹೋಗುತ್ತದೆ. ಬೇವಿನೆಣ್ಣೆ ಸಿಂಪಡಿಸುವುದಾದರೆ ಸಂಜೆ, ತೆಳುವಾಗಿ, ಮೊದಲು ಒಂದೇ ಎಲೆಗೆ. ರೋಮದ ಎಲೆಯಲ್ಲಿ ಎಣ್ಣೆ ನಿಂತು ಬಿಸಿಲಿಗೆ ಸುಡುತ್ತದೆ.

ಎಲೆಯಿಂದ ಮತ್ತೆ ಗಿಡ

ದಪ್ಪ, ರೋಮದ ಎಲೆ ನೋಡಿ ದೊಡ್ಡಪತ್ರೆಯ ಹಾಗೆ ತಂಬುಳಿಗೆ ಆಗುತ್ತಾ ಅಂತ ಕೇಳಿದವರಿದ್ದಾರೆ. ಬೇಡ. ಬೆಕ್ಕು ನಾಯಿ ಕಚ್ಚಿದರೆ ವಿಷವಲ್ಲ, ಹಾಗಂತ ಅಡುಗೆಗೂ ಕಷಾಯಕ್ಕೂ ಬಳಸುವ ಗಿಡವಲ್ಲ. ವೈಲೆಟ್ ಅಂತಲೇ ಕರೆಯುವ, ಯುನಾನಿ ಔಷಧಿಯ ಬನಫ್ಶಾ ಬೇರೆಯೇ ಗಿಡ. ಈ ಎಲೆಯ ನಿಜವಾದ ಉಪಯೋಗ ಹೊಸ ಗಿಡ ಹುಟ್ಟಿಸುವುದು.

ತೀರ ಹೊರಗಿನ ಮುದಿ ಎಲೆಯೂ ಬೇಡ, ಸುಳಿಯ ಎಳೆ ಎಲೆಯೂ ಬೇಡ. ನಡುಸುತ್ತಿನದು ತೆಗೆದುಕೊಳ್ಳಿ. ತೊಟ್ಟನ್ನು ಒಂದರಿಂದ ಒಂದೂವರೆ ಇಂಚು ಬಿಟ್ಟು, ಓರೆಯಾಗಿ ಕೊಯ್ಯಿರಿ. ತೇವದ ಪರ್ಲೈಟ್ ಕೋಕೋಪೀಟ್‌ನಲ್ಲಿ ತೊಟ್ಟು ಮುಳುಗುವಷ್ಟು ಊರಿ, ಮೊಸರಿನ ಡಬ್ಬಿಯ ಪಾರದರ್ಶಕ ಮುಚ್ಚಳವೋ ಕವರೋ ಮುಚ್ಚಿ. ಬೇರು ಮೂರು ನಾಲ್ಕು ವಾರದಲ್ಲಿ, ಮರಿ ಎರಡು ಮೂರು ತಿಂಗಳಲ್ಲಿ. ಎಲೆ ಕೊಳೆತರೆ ತೇವ ಜಾಸ್ತಿಯಾಗಿದೆ ಅಂತ ಅರ್ಥ. ಮರಿಯ ಎಲೆ ಹತ್ತು ರೂಪಾಯಿ ನಾಣ್ಯದಷ್ಟಾದಾಗ ಬಿಡಿಸಿ, ಎರಡಿಂಚಿನ ಕುಂಡಕ್ಕೆ ಹಾಕಿ.

ಪಕಳೆಯ ಮೇಲೆ ಚಕ್ರದ ಕಡ್ಡಿಗಳಂತೆ ಪಟ್ಟೆ ಇರುವ ಕೈಮೆರಾ ತಳಿ ಎಲೆಯಿಂದ ಅದೇ ಹೂ ಕೊಡುವುದಿಲ್ಲ. ಅದಕ್ಕೆ ಪಕ್ಕದ ಮರಿಯೇ ಬೇಕು. ಇನ್ನು ಎಲೆ ಚೆನ್ನಾಗಿ ಬೇರು ಬಿಟ್ಟು, ತಿಂಗಳುಗಟ್ಟಲೆ ಹಸಿರಾಗಿ ನಿಂತು, ಮರಿ ಮಾತ್ರ ಹಾಕದಿದ್ದರೆ ಎಲೆಯ ಮೇಲಿನ ಮೂರರಲ್ಲಿ ಒಂದು ಪಾಲನ್ನು ಕತ್ತರಿಸಿ ತೆಗೆಯಿರಿ. ತಾನು ಬೆಳೆಯುವುದನ್ನು ಬಿಟ್ಟು ಬುಡದಲ್ಲಿ ಮರಿ ಹಾಕಲು ಶುರು ಮಾಡುತ್ತದೆ.